ಗ್ರಾಮನಕ್ಷೆ ಮತ್ತು ಪಹಣಿಗಳಲ್ಲಿ ಮನೆಯ ಸ್ಥಾನ: ಒಂದು ವಿಮರ್ಶೆ

ಸ್ಥಳೀಯ ಚರಿತ್ರೆಯನ್ನು ಬರೆಯಹೊರಡುವವರು ಶಾಸನ, ಕೈಫಿಯತ್ತು, ಐತಿಹ್ಯಗಳ ಜೊತೆಗೆ ಸರ್ವೆ ಇಲಾಖೆಯ ನಕ್ಷೆಗಳನ್ನೂ ಕಂದಾಯ ಇಲಾಖೆಯ ಪಹಣಿಗಳನ್ನೂ ಆಧಾರವಾಗಿ ಬಳಸುವ ಪದ್ಧತಿ ಈಚೆಗೆ ನಮ್ಮಲ್ಲಿ ಬೆಳೆದುಬಂದಿದೆ. ಇದು ಸ್ವಾಗತಾರ್ಹವಾದ ಸಂಗತಿಯೇ ಸರಿ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದುವು. 2018ರಲ್ಲಿ ‘ದಿಶಾಂಕ್’ ಬಂದ ಮೇಲಂತೂ, ನಿಂತ ನೆಲದ ಸರ್ವೆ ನಂಬರು ಯಾವುದೆಂಬುದನ್ನು ಅಂಗೈಯಲ್ಲಿಯೇ ನೋಡಬಹುದಾಗಿದೆ. ಹಿಂದೆ ಶಾನುಭೋಗರ ಮನೆಯ ಜಗಲಿಯಲ್ಲಿ ಕಾದು ಕುಳಿತು ಕೇಳಬೇಕಾಗಿದ್ದ ಸಂಗತಿ ಇಂದು ಯಾರಿಗಾದರೂ ದೊರೆಯುತ್ತದೆ.

ಆದರೆ ಒಂದು ಕೊರತೆಯನ್ನು ಇಲ್ಲಿ ಎತ್ತಿ ಹೇಳುವುದು ಅವಶ್ಯಕ. ಶಾಸನವೊಂದು ದೊರೆತರೆ ನಮ್ಮ ವಿದ್ವಾಂಸರು ಅದನ್ನು ಬರೆಸಿದವನಾರು, ಯಾವ ಪ್ರಯೋಜನಕ್ಕಾಗಿ ಬರೆಸಿದನು, ಅದರಲ್ಲಿ ಉತ್ಪ್ರೇಕ್ಷೆ ಎಷ್ಟು, ಕೂಟರಚನೆಯ ಶಂಕೆಯುಂಟೆ ಎಂದೆಲ್ಲ ವಿಚಾರಮಾಡದೆ ಬಿಡುವುದಿಲ್ಲ. ಅದೇ ವಿದ್ವಾಂಸರು ಪಹಣಿಯ ಮುಂದೆ ಬಂದಾಗ ಈ ಎಚ್ಚರವನ್ನೆಲ್ಲ ಬದಿಗಿಟ್ಟು, ಸರ್ಕಾರದ ಮುದ್ರೆಯಿರುವುದರಿಂದ ಅದು ಸತ್ಯವೆಂದೇ ಭಾವಿಸಿ ನಕಲು ಮಾಡಿಕೊಳ್ಳುತ್ತಾರೆ. 1964ರ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣ ಸಹ ಹಕ್ಕುದಾಖಲೆಯ ನಮೂದುಗಳನ್ನು ವಿರುದ್ಧವಾದುದು ಸಿದ್ಧವಾಗುವವರೆಗೆ ಮಾತ್ರ ನಿಜವೆಂದು ಎಣಿಸತಕ್ಕದ್ದೆಂದು ಹೇಳುತ್ತದೆ. ಕಾನೂನು ಇಟ್ಟುಕೊಂಡಿರುವಷ್ಟು ಸಂದೇಹವನ್ನಾದರೂ ಸಂಶೋಧಕನು ಇಟ್ಟುಕೊಳ್ಳಬೇಡವೆ?

ಜನ ಎಲ್ಲಿ ವಾಸಮಾಡುತ್ತಿದ್ದರು, ಯಾರ ನೆಲದ ಮೇಲೆ ವಾಸಮಾಡುತ್ತಿದ್ದರು ಎಂಬ ಪ್ರಶ್ನೆಗೆ ಈ ದಾಖಲೆಗಳು ಎಷ್ಟರ ಮಟ್ಟಿಗೆ ಉತ್ತರ ಕೊಡಬಲ್ಲವು ಎಂಬುದಿಷ್ಟೇ ಪ್ರಕೃತ ಲೇಖನದ ವಿಷಯ. ಇಲ್ಲಿ ಹೇಳುವ ಮಾತುಗಳು ಮುಖ್ಯವಾಗಿ ಹಳೆಯ ಮೈಸೂರು ಮತ್ತು ಮುಂಬಯಿ ಕರ್ನಾಟಕದ ಪ್ರಾಂತಗಳಿಗೆ ಅನ್ವಯಿಸುತ್ತವೆ. ಕರಾವಳಿಯ ಸ್ಥಿತಿ ಬೇರೆ. ಅಲ್ಲಿ ಮನೆಗಳು ಒತ್ತಾಗಿ ಕೂಡಿರದೆ ಗದ್ದೆ ತೋಟಗಳ ನಡುವೆ ಚದರಿರುವುವು. ಅಳತೆ ಗುಂಟೆಯಲ್ಲಲ್ಲ, ಸೆಂಟಿನಲ್ಲಿ. ಕುಮ್ಕಿಯಂಥ ವಿಶೇಷ ಸೌಲಭ್ಯಗಳೂ ಉಂಟು. ಕೊಡಗಿನ ಜಮ್ಮಾ ಬಾಣೆಯ ವಿಚಾರವಂತೂ ಪ್ರತ್ಯೇಕವಾಗಿಯೇ ಬರೆಯತಕ್ಕದ್ದು.

ಮೊದಲು ಈ ದಾಖಲೆಗಳ ಹುಟ್ಟನ್ನು ನೋಡಬೇಕು. ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭಿಸಿ, 1847ರ ಜಂಟಿ ವರದಿಯಲ್ಲಿ ಕ್ರಮಬದ್ಧಗೊಳಿಸಿದ ಮುಂಬಯಿ ಪದ್ಧತಿಯ ಮೋಜಣಿ ಧಾರವಾಡ ಪ್ರಾಂತಕ್ಕೆ ಬೇಗನೆ ಹಬ್ಬಿತು. ಮೈಸೂರು ಸಂಸ್ಥಾನಕ್ಕೆ 1863ರಲ್ಲಿ ಬಂದಿತು. 33 ಅಡಿಯ ಸರಪಳಿ ಇದರ ಮೂಲಮಾನ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲ, ಎಂದರೆ 1089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಯೊಳಗೆ 16 ಆಣೆ. ಪ್ರತಿ ಹೊಲದ ಅಳತೆಯ ಕರಡು ‘ಟಿಪ್ಪಣಿ’ಯಲ್ಲಿಯೂ, ವಿಸ್ತೀರ್ಣ ಮತ್ತು ಆಕಾರ ‘ಆಕಾರಬಂದಿ’ನಲ್ಲಿಯೂ, ಹೊಲಗಳ ಪರಸ್ಪರ ಸ್ಥಾನ ಗ್ರಾಮನಕ್ಷೆಯಲ್ಲಿಯೂ ದಾಖಲಾದುವು. ಈ ಮೂರರಲ್ಲಿ ನಕ್ಷೆ ಕಣ್ಣಿಗೆ ಸೊಗಸಾದುದು. ಆದುದರಿಂದಲೇ ಸಂಶೋಧಕರು ಅದಕ್ಕೆ ಮರುಳಾಗುವುದು. ನಿಜವಾದ ಅಳತೆಯಿರುವುದು ಟಿಪ್ಪಣಿಯಲ್ಲಿ. ನಕ್ಷೆಯು ಪುಸ್ತಕದ ಅನುಕ್ರಮಣಿಕೆಯಿದ್ದಂತೆ, ಯಾವ ಹೊಲ ಎಲ್ಲಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ.

ಇಷ್ಟು ಶ್ರಮವೆಲ್ಲ ಭೂಕಂದಾಯದ ನಿಷ್ಕರ್ಷೆಗಾಗಿ ನಡೆದುದು. ಹೊಲದ ಮಣ್ಣಿನ ಗುಣ, ನೀರಿನ ಆಸರೆ, ಪೇಟೆಗಿರುವ ದೂರ ಇವುಗಳನ್ನು ತೂಗಿ ಮೂವತ್ತು ವರ್ಷಗಳ ಅವಧಿಗೆ ಆಕಾರ ಕಟ್ಟುತ್ತಿದ್ದರು. ಮನೆ ಕಟ್ಟಿಕೊಂಡ ನೆಲದಲ್ಲಿ ಬೆಳೆಯಿಲ್ಲ, ಆದುದರಿಂದ ಆಕಾರವಿಲ್ಲ, ಆದುದರಿಂದ ಅಳತೆಯೂ ಇಲ್ಲ. ಗ್ರಾಮನಕ್ಷೆಯನ್ನು ಬಿಡಿಸಿ ನೋಡಿ. ಸುತ್ತಲೂ ಹೊಲಗಳ ಗಡಿ, ಬಾಂದುಕಲ್ಲು, ಕೆರೆ, ಕಾಲುವೆ, ಬಂಡಿದಾರಿ, ಗುಂಡುತೋಪು ಎಲ್ಲವೂ ಗುರುತಾಗಿವೆ. ನಡುವೆ ಒಂದು ಸಣ್ಣ ಆವರಣ. ಅದರ ಮೇಲೆ ‘ಗ್ರಾಮಠಾಣಾ’ ಎಂದು ಬರೆದಿದೆ. ಊರಿನ ಎಲ್ಲ ಮನೆಗಳೂ, ಎಲ್ಲ ಕೇರಿಗಳೂ, ಅಗ್ರಹಾರವೂ ಹೊಲಗೇರಿಯೂ ಆ ಒಂದು ಆವರಣದಲ್ಲಿ ಅಡಗಿವೆ. ಅರ್ಧ ಎಕರೆಯ ಹೊಲಕ್ಕೂ ಒಂದು ನಂಬರು ಕೊಟ್ಟು ಟಿಪ್ಪಣಿ ಬರೆದ ಮೋಜಣಿದಾರನು ಇನ್ನೂರು ಸಂಸಾರಗಳ ಊರನ್ನು ಒಂದೇ ಗೆರೆಯಲ್ಲಿ ಸುತ್ತಿ ಮುಂದೆ ಹೋದನು.

ಇದಕ್ಕೆ ನಕ್ಷೆಯ ಪ್ರಮಾಣವೂ ಸ್ವಲ್ಪಮಟ್ಟಿಗೆ ಕಾರಣವೆನ್ನಬಹುದು. ನಮ್ಮ ಗ್ರಾಮನಕ್ಷೆಗಳು ಸಾಮಾನ್ಯವಾಗಿ ಒಂದು ಮೈಲಿಗೆ ಎಂಟು ಅಂಗುಲದವು, ಎಂದರೆ ನೆಲದ 7920 ಅಂಗುಲಕ್ಕೆ ಕಾಗದದ ಮೇಲೆ ಒಂದು ಅಂಗುಲ. 40 ಅಡಿ ಉದ್ದದ ಮನೆ ಈ ಪ್ರಮಾಣದಲ್ಲಿ ಒಂದೂವರೆ ಮಿಲಿಮೀಟರಿನಷ್ಟಾಗುತ್ತದೆ. ಜೋಳದ ಕಾಳಿಗಿಂತಲೂ ಚಿಕ್ಕದು. ಆದರೆ ಪ್ರಮಾಣವನ್ನು ಆರಿಸಿಕೊಂಡವರು ಹೊಲಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿಕೊಂಡರೆಂಬುದನ್ನು ಮರೆಯಬಾರದು.

ಗ್ರಾಮಠಾಣೆಯ ಹೊರಗೆ, ಹೊಲದಲ್ಲಿಯೇ ಮನೆ ಕಟ್ಟಿಕೊಂಡವನ ವಿಷಯವೇನು? ಇಲ್ಲಿ ದಾಖಲೆಯ ಮಾತು ಇನ್ನೂ ವಿಚಿತ್ರವಾಗಿದೆ. ಪಹಣಿಯ ವಿಸ್ತೀರ್ಣದ ಕಲಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಎಂದು ಎರಡು ನಮೂದುಗಳಿರುತ್ತವೆ. 1966ರ ನಿಯಮಗಳ ಪ್ರಕಾರ ‘ಬ’ ಖರಾಬು ರಸ್ತೆ, ಹಳ್ಳ, ಕೆರೆ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗದ ನೆಲ. ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ನೆಲ; ಹಿಡುವಳಿದಾರನ ಕಣ ಮತ್ತು ಕಟ್ಟಡಗಳು ನಿಂತಿರುವ ಜಾಗವೂ ಇದರಲ್ಲಿಯೇ ಸೇರುತ್ತದೆ. ಎಂದರೆ ರೈತನು ಹುಟ್ಟಿ ಬೆಳೆದು, ಹೆಣ್ಣುಮಕ್ಕಳನ್ನು ಧಾರೆಯೆರೆದುಕೊಟ್ಟ ತೋಟದ ಮನೆ ಸರ್ಕಾರದ ಲೆಕ್ಕದಲ್ಲಿ ಕೆಟ್ಟ ನೆಲ. ಬಂಡೆ, ಕೊರಕಲುಗಳ ಸಾಲಿಗೆ ಸೇರಿದ್ದು. ಹೀಗೆಂದು ಯಾರನ್ನೂ ದೂರಬೇಕಾಗಿಲ್ಲ. ತೆರಿಗೆಯ ದೃಷ್ಟಿಗೆ ಅದು ಸಹಜವಾದ ವರ್ಗೀಕರಣ. ಸಂಶೋಧಕನು ತಿಳಿಯಬೇಕಾದುದೇನೆಂದರೆ, ಹಳೆಯ ಖರಾಬು ಉತಾರಗಳಲ್ಲಿ ಎರಡು ಗುಂಟೆ ಮೂರು ಗುಂಟೆಯ ‘ಅ’ ಖರಾಬು ಕಂಡಲ್ಲಿ ಕಲ್ಲುಗುಡ್ಡೆಯಿರಬಹುದು, ಮನೆಯೂ ಇರಬಹುದು. ಯಾವುದೆಂಬುದನ್ನು ಹೊಲಕ್ಕೆ ಹೋಗಿ ನೋಡಿ ನಿರ್ಣಯಿಸಬೇಕು.

ಹಾಗಾದರೆ ಈ ದಾಖಲೆಗಳಿಂದ ವಾಸದ ಚರಿತ್ರೆಗೆ ಏನೂ ಪ್ರಯೋಜನವಿಲ್ಲವೆ? ಉಂಟು. ಆದರೆ ಕೇಳದ ಪ್ರಶ್ನೆಗೆ ಉತ್ತರವನ್ನು ಪಡೆಯುವ ಜಾಣ್ಮೆ ಬೇಕು. ಸರ್ವೆ ನಂಬರಿನ ಹಿಸ್ಸೆಗಳನ್ನೇ ತೆಗೆದುಕೊಳ್ಳಿ. 47 ಎಂಬ ನಂಬರು 47/1, 47/2 ಆಗಿ, 47/2 ಮತ್ತೆ ಎ, ಬಿ ಎಂದು ಒಡೆದು, ಬಿ ಮತ್ತೆ ಬಿ1, ಬಿ2 ಎಂದು ಕವಲೊಡೆದರೆ ಅಷ್ಟೂ ಒಂದು ಮನೆತನದ ವಂಶವೃಕ್ಷ. ಮ್ಯುಟೇಶನ್ ರಿಜಿಸ್ಟರಿನಲ್ಲಿ ಒಂದೊಂದು ಕವಲಿಗೂ ವರ್ಷ ದೊರೆಯುತ್ತದೆ. ಪಾಲುಪಾರಿಕತ್ತಾದ ವರ್ಷಕ್ಕೂ ಹೊಸ ಒಲೆ ಹೂಡಿದ ವರ್ಷಕ್ಕೂ ಬಹುಮಟ್ಟಿಗೆ ಸಂಬಂಧವಿರುವುದು ಸಹಜ. ಪೌತಿ ಖಾತೆಯಾಗದೆ ತೀರಿಹೋದವರ ಹೆಸರೇ ಉಳಿದಿರುವ ಪಹಣಿಗಳೂ ಇವೆ. ಅಲ್ಲಿ ದಾಖಲೆಯ ಕಾಲ ಒಂದು, ಊರಿನ ಕಾಲ ಇನ್ನೊಂದು. ‘ಪೈಕಿ’ ಎಂಬ ಸಣ್ಣ ಮಾತನ್ನೂ ಕಡೆಗಣಿಸಕೂಡದು. ‘ಸರ್ವೆ ನಂಬರು 120 ಪೈಕಿ 2 ಎಕರೆ’ ಎಂದಿದ್ದರೆ ಕಾಗದದಲ್ಲಿ ನೆಲ ಮಂಜೂರಾಗಿದೆ, ಆದರೆ ಪೋಡಿಯಾಗಿಲ್ಲ, ನಕ್ಷೆಯಲ್ಲಿ ಗೆರೆ ಬಿದ್ದಿಲ್ಲ ಎಂದರ್ಥ. ದರಖಾಸ್ತಿನಲ್ಲಿ ನೆಲ ಪಡೆದ ಬಡವರ ಪಹಣಿಗಳಲ್ಲಿ ಈ ಮಾತು ಹೆಚ್ಚಾಗಿ ಕಾಣುತ್ತದೆ. ಅವರಿಗೆ ಹಕ್ಕುಂಟು, ಸ್ಥಳವಿಲ್ಲ.

ಬೆಂಗಳೂರಿನ ಸುತ್ತಿನ ಹಳ್ಳಿಗಳಿಗೆ ಬಂದರೆ ಗುಂಟೆಯ ಅಂಕಿಯೇ ಮಾತನಾಡುತ್ತದೆ. 30 ಅಡಿ ಅಗಲ 40 ಅಡಿ ಉದ್ದದ ನಿವೇಶನ 1200 ಚದರ ಅಡಿ. ಗುಂಟೆಗಿಂತ 111 ಅಡಿ ಹೆಚ್ಚು. ಒಂದು ಹಿಸ್ಸೆಯ ಪಹಣಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹೆಸರುಗಳು, ಒಬ್ಬೊಬ್ಬರಿಗೂ ಒಂದು ಗುಂಟೆ ಒಂದೆರಡು ಆಣೆ ಎಂದು ಕಂಡುಬಂದರೆ ಆ ಹೊಲದಲ್ಲಿ ರಾಗಿ ಬೆಳೆಯುತ್ತಿಲ್ಲವೆಂದು ತಿಳಿಯಲು ಸ್ಥಳಕ್ಕೆ ಹೋಗಬೇಕಾಗಿಲ್ಲ. ಅದು ಭೂಪರಿವರ್ತನೆಯಾಗದೆ ಮಾರಾಟವಾದ ನೆಲ, ಜನ ‘ರೆವಿನ್ಯೂ ಸೈಟು’ ಎಂದು ಕರೆಯುವ ನಿವೇಶನಗಳ ಸಾಲು. ಅದೇ ಪಹಣಿಯ 12ನೆಯ ಕಲಮಿನಲ್ಲಿ ರಾಗಿಯೆಂದೇ ನಮೂದಾಗಿರುವುದೂ ಉಂಟು. ಮೂರಂತಸ್ತಿನ ಮನೆಗಳ ಕೆಳಗೆ ರಾಗಿ! ಇದನ್ನು ಕಂಡು ನಗುವುದು ಸುಲಭ. ಆದರೆ ಆ ರಾಗಿಯ ಕೆಳಗಿರುವವರು ನೀರಿನ ಕೊಳಾಯಿಗೆ, ಬ್ಯಾಂಕಿನ ಸಾಲಕ್ಕೆ ಅಲೆದಾಡುವಾಗ ಈ ಒಂದು ಶಬ್ದ ಅವರಿಗೆ ಅಡ್ಡ ನಿಲ್ಲುತ್ತದೆ. ನಗರವನ್ನು ಕುರಿತು ಬರೆಯುವವರು 1945ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟ್ ಮಂಡಲಿ ಮತ್ತು ಅದರ ನಂತರ 1976ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರ ಇವುಗಳ ಬಡಾವಣೆಗಳನ್ನೇ ಹಿಡಿದು ನಗರ ಬೆಳೆದ ಬಗೆಯನ್ನು ವಿವರಿಸುವುದುಂಟು. ಆ ನಕ್ಷೆಗಳು ಅಚ್ಚುಕಟ್ಟಾಗಿವೆ, ದೊರೆಯುವುದೂ ಸುಲಭ. ಆದರೆ ನಗರದ ದೊಡ್ಡ ಭಾಗ ಆಣೆ ಗುಂಟೆಗಳ ಈ ಒಡಕಿನಿಂದ ಬೆಳೆದಿದೆ ಎಂಬುದು ಆ ನಕ್ಷೆಗಳನ್ನು ನೋಡಿದವರಿಗೆ ತಿಳಿಯಲಾರದು.

ಗ್ರಾಮಠಾಣೆಯ ಒಳಗಣ ಚಿತ್ರಕ್ಕೆ ಇನ್ನೊಂದು ಆಧಾರವಿದೆ. ಅದನ್ನು ನಮ್ಮವರು ತಕ್ಕಷ್ಟು ಬಳಸಿಲ್ಲವೆಂದು ನನ್ನ ಭಾವನೆ. ಅದು ಕ್ರಯಪತ್ರಗಳ ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ದೇವಸ್ಥಾನದ ಹಿತ್ತಲು, ದಕ್ಷಿಣಕ್ಕೆ ಹಾಳು ನಿವೇಶನ ಎಂದು ನಾಲ್ಕು ದಿಕ್ಕನ್ನೂ ಹೇಳುವ ಈ ಕ್ರಮ ಹೊಸದಲ್ಲ. ಶಾಸನಗಳ ಚತುಸ್ಸೀಮೆಯನ್ನು ಓದಿದವರಿಗೆ ಇದು ಪರಿಚಿತವಾದುದೇ. ಹೊಯ್ಸಳರ ಕಾಲದ ಶಾಸನಗಳಲ್ಲಿ ಮನೆಯ ನಿವೇಶನವನ್ನು ಕೈಯಳತೆಯಿಂದ ಅಗಲ ನೀಳ ಹೇಳಿ ದತ್ತಿಬಿಟ್ಟ ಉದಾಹರಣೆಗಳಿವೆ. ಸರ್ವೆಯ ಸರಪಳಿ ಹೊಲದ ಅಂಚಿನಲ್ಲಿ ನಿಂತುಬಿಟ್ಟಾಗ, ಊರೊಳಗಿನ ಮನೆಗಳು ಹಳೆಯ ಪದ್ಧತಿಯಲ್ಲಿಯೇ, ಮಾತಿನಿಂದಲೇ, ಗುರುತಾಗುತ್ತ ಬಂದುವು. 1908ರ ನೋಂದಣಿ ಅಧಿನಿಯಮದಂತೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವ್ಯಕ್ತಿಗಳ ಹೆಸರಿನ ಸೂಚಿ ಬೇರೆ, ಆಸ್ತಿಗಳ ಸೂಚಿ ಬೇರೆ ಇರುತ್ತವೆ. ಒಂದು ಊರಿನ ಆಸ್ತಿಸೂಚಿಯನ್ನು ಹಿಡಿದು, ಒಂದು ಕೇರಿಯ ಕ್ರಯ, ಭೋಗ್ಯ, ವಿಭಾಗ, ದಾನಪತ್ರಗಳನ್ನು ಒಟ್ಟುಗೂಡಿಸಿ, ಒಂದರ ಪೂರ್ವವನ್ನು ಇನ್ನೊಂದರ ಪಶ್ಚಿಮಕ್ಕೆ ಜೋಡಿಸುತ್ತ ಹೋದರೆ ನಕ್ಷೆಯಲ್ಲಿ ಬರಿದಾಗಿರುವ ಆವರಣ ಮನೆಮನೆಯಾಗಿ ತುಂಬುತ್ತದೆ. ಈ ಕೆಲಸ ನಿಧಾನವಾದುದು. ನೆರೆಯವರ ಹೆಸರು ಮೂರು ಪತ್ರಗಳಲ್ಲಿ ಮೂರು ಬಗೆಯಾಗಿ ಬರುತ್ತದೆ, ಹಾಳು ನಿವೇಶನ ಮುಂದಿನ ಪತ್ರದಲ್ಲಿ ಹಿತ್ತಲಾಗಿರುತ್ತದೆ. ಆದರೂ ಯಾವ ಗೋಡೆ ಯಾರೊಡನೆ ಸಮಪಾಲು, ಯಾವ ಬಾವಿಗೆ ಯಾರಿಗೆ ಹಾದಿ ಎಂಬುದನ್ನು ಹೇಳುವ ಬೇರೊಂದು ಬರಹ ನಮಗಿಲ್ಲ. 2004ರಿಂದೀಚಿನ ಪತ್ರಗಳ ಋಣಭಾರ ವಿವರಗಳು ಗಣಕಯಂತ್ರದಲ್ಲಿ ದೊರೆಯುತ್ತವೆ. ಅದಕ್ಕೆ ಹಿಂದಿನವನ್ನು ಕಚೇರಿಯ ಸಂಪುಟಗಳಲ್ಲಿಯೇ ಹುಡುಕಬೇಕು.

ಈ ಆಧಾರಕ್ಕೂ ತನ್ನದೇ ಆದ ಕುರುಡಿದೆ. 100 ರೂಪಾಯಿಗೆ ಕಡಿಮೆ ಬೆಲೆಯ ಮಾರಾಟಕ್ಕೆ ನೋಂದಣಿ ಕಡ್ಡಾಯವಾಗಿರಲಿಲ್ಲ. ಒಂದು ಕಾಲದಲ್ಲಿ ಹುಲ್ಲಿನ ಗುಡಿಸಲುಗಳೆಲ್ಲ ಆ ಮಿತಿಯ ಕೆಳಗೇ ಇದ್ದುವು. ಬಾಯಿಮಾತಿನ ಪಾಲಿಗೆ ಪತ್ರವೇ ಇಲ್ಲ. ಮಾರದೆ, ಅಡವಿಡದೆ, ತಲೆತಲಾಂತರ ಒಂದೆಡೆಯಲ್ಲಿಯೇ ಬಾಳಿದವರು ತಮ್ಮ ಪತ್ರದಲ್ಲಿ ಕಾಣುವುದಿಲ್ಲ, ಪಕ್ಕದ ಮನೆಯವರ ಚೆಕ್ಕುಬಂದಿಯಲ್ಲಿ ಮಾತ್ರ ಕಾಣುತ್ತಾರೆ. ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಶೋಚನೀಯ. 1994ರಲ್ಲಿ ಕರ್ನಾಟಕದ ತಿದ್ದುಪಡಿಯೂ 2005ರಲ್ಲಿ ಕೇಂದ್ರದ ತಿದ್ದುಪಡಿಯೂ ಮಗಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟುವು. ಆ ಮೇಲಿನ ಸಂಪುಟಗಳಲ್ಲಿ ಅವರ ಹೆಸರು ಕಂಡುಬರುವುದು ಅನೇಕ ವೇಳೆ ಹಕ್ಕು ಬಿಡುಗಡೆ ಪತ್ರಗಳಲ್ಲಿ. ಹುಟ್ಟಿದ ಮನೆಯ ದಾಖಲೆಯಲ್ಲಿ ಮಗಳ ಹೆಸರು ಮೊದಲ ಬಾರಿಗೆ ಬರುವುದೂ ಅಲ್ಲಿಂದ ಅಳಿಯುವುದೂ ಒಂದೇ ಪತ್ರದಿಂದ!

ದಾಖಲೆಯ ಮೌನ ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ತಾಂಡಾಗಳೇ ಸಾಕ್ಷಿ. ಗ್ರಾಮಠಾಣೆಗೆ ಒಂದು ಗೆರೆಯಾದರೂ ಇತ್ತು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪುಗಳಲ್ಲಿ ಅನೇಕಕ್ಕೆ ಅದೂ ಇರಲಿಲ್ಲ. ಇನ್ನೊಬ್ಬರ ಹಿಡುವಳಿಯಲ್ಲೋ ಸರ್ಕಾರದ ನೆಲದಲ್ಲೋ ತಲೆಮಾರುಗಳಿಂದ ನಿಂತಿರುವ ನೂರು ಮನೆಗಳ ಊರು, ಪಹಣಿಯಲ್ಲಿ ಒಬ್ಬನ ಹೆಸರಿನ ಹೊಲ. ಮತಪಟ್ಟಿಯಲ್ಲಿ ಅವರಿದ್ದರು, ಜನಗಣತಿಯಲ್ಲಿ ಇದ್ದರು, ನಕ್ಷೆಯಲ್ಲಿ ಇರಲಿಲ್ಲ. 1974ರ ಭೂಸುಧಾರಣೆ ಉಳುವವನನ್ನು ಒಡೆಯನನ್ನಾಗಿ ಮಾಡಿದಾಗ ಕೃಷಿಕಾರ್ಮಿಕನ ವಾಸದ ಮನೆಗೂ ರಕ್ಷಣೆ ದೊರೆತಿತ್ತು. ಆದರೆ ಇಡೀ ಊರೇ ದಾಖಲೆಯ ಹೊರಗಿರುವ ಸ್ಥಿತಿಗೆ ಅದು ಸಾಲದೆ, ಭೂಸುಧಾರಣಾ ಅಧಿನಿಯಮಕ್ಕೆ 38ಎ ಎಂಬ ಪ್ರಕರಣವನ್ನು ಸೇರಿಸಿ ‘ದಾಖಲೆರಹಿತ ಜನವಸತಿ’ಗಳ ನಿವಾಸಿಗಳಿಗೆ ಮನೆಯ ನೆಲದ ಒಡೆತನ ಕೊಡಬೇಕಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಮಂತ್ರಿಗಳು ಹಕ್ಕುಪತ್ರ ವಿತರಿಸಿದರು. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ತಿಳಿದೇ ಇದೆ. ಸಾವಿರ ವರ್ಷಗಳ ಹಿಂದಿನ ಅರಮನೆಯ ಜಾಗವನ್ನು ಹುಡುಕುವ ನಾವು, ಅದೇ ಸೀಮೆಯಲ್ಲಿ ಕಣ್ಣೆದುರಿಗಿದ್ದ ತಾಂಡಾಗಳನ್ನು ದಾಖಲೆಯಲ್ಲಿಲ್ಲವೆಂಬ ಕಾರಣದಿಂದ ನಮ್ಮ ಗ್ರಾಮಚರಿತ್ರೆಗಳಿಂದಲೂ ಹೊರಗಿಟ್ಟೆವು. ಕಂದಾಯ ಇಲಾಖೆಯ ಮೌನಕ್ಕೆ ತೆರಿಗೆಯೆಂಬ ಕಾರಣವಾದರೂ ಇತ್ತು.

ನಕ್ಷೆಯ ಗೆರೆಯನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದರೆ ಒದಗುವ ಅನರ್ಥ ಇನ್ನೊಂದು ಬಗೆಯದು. ಮೈಲಿಗೆ ಎಂಟು ಅಂಗುಲದ ನಕ್ಷೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರು ಅಗಲವಾಗುತ್ತದೆ. ಮೂವತ್ತಡಿ ಮನೆಯ ಹೆಚ್ಚುಕಡಮೆ ಅರ್ಧ. 2016ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಗಳ ಒತ್ತುವರಿ ತೆರವಿಗೆಂದು ಮನೆಗಳನ್ನು ಕೆಡವಿದಾಗ, ಹಳೆಯ ಗ್ರಾಮನಕ್ಷೆಗಳ ಗೆರೆಗಳು ಎಷ್ಟೋ ಸಂಸಾರಗಳ ಹಣೆಬರಹವಾದುವು. ಕೆರೆ ಕಾಲುವೆಗಳು ಉಳಿಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಧರ್ಮಾಂಬುಧಿ, ಸಂಪಂಗಿ ಕೆರೆಗಳನ್ನು ಕಳೆದುಕೊಂಡ ನಗರಕ್ಕೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಗಡಿಯ ನಿರ್ಣಯಕ್ಕೆ ಟಿಪ್ಪಣಿ ಬೇಕು, ಬಾಂದುಕಲ್ಲು ಬೇಕು, ನೆರೆಹೊರೆಯ ಹಿರಿಯರ ಸಾಕ್ಷ್ಯ ಬೇಕು. ಉಪಗ್ರಹಚಿತ್ರದ ಮೇಲೆ ಹಳೆಯ ನಕ್ಷೆಯನ್ನು ಹೊದಿಸಿ ತೋರಿಸುವ ಸಾಧನಗಳು ಸರ್ವೆ ನಂಬರನ್ನು ತಿಳಿಯಲು ಬಹು ಉಪಯುಕ್ತ. ಒಂದು ಗೋಡೆ ಯಾವ ಬದಿಯಲ್ಲಿದೆಯೆಂದು ಹೇಳುವ ಸೂಕ್ಷ್ಮತೆ ಅವುಗಳಿಗಿಲ್ಲ. ಅವುಗಳ ಆಧಾರದಿಂದ ಒತ್ತುವರಿಯ ಚರಿತ್ರೆಯನ್ನು ಬರೆಯುವ ಸಂಶೋಧಕರು ಇದನ್ನು ನೆನಪಿಡತಕ್ಕದ್ದು.

ಕೊನೆಯದಾಗಿ ಹೊಸ ದಾಖಲೆಗಳ ವಿಚಾರ. 2013ರಿಂದೀಚೆಗೆ ‘ಇ-ಸ್ವತ್ತು’ವಿನ ಮೂಲಕ ಗ್ರಾಮ ಪಂಚಾಯಿತಿಗಳ ನಮೂನೆ 9 ಮತ್ತು 11 ಗಣಕಯಂತ್ರದಲ್ಲಿ ದೊರೆಯುತ್ತಿವೆ. 2020ರ ಏಪ್ರಿಲ್ 24ರಂದು ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಡ್ರೋನು ಹಾರಿಸಿ ಗ್ರಾಮಠಾಣೆಯ ಒಳಗಣ ಮನೆಗಳನ್ನು ಅಳೆಯತೊಡಗಿದರು. ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನೂರೈವತ್ತು ವರ್ಷ ಬರಿದಾಗಿದ್ದ ಆವರಣಕ್ಕೆ ಈಗ ಗೆರೆಗಳು ಬರುತ್ತಿವೆ. ಆದರೆ ಡ್ರೋನಿಗೆ ಕಾಣುವುದು ಸೂರು. ಒಂದೇ ಸೂರಿನ ಕೆಳಗೆ ಮೂವರು ಅಣ್ಣತಮ್ಮಂದಿರ ಮೂರು ಒಲೆಗಳಿರುವುದು, ಅಂಗಳ ಇಬ್ಬರದಾಗಿರುವುದು ಅದಕ್ಕೆ ಕಾಣದು. ಆದುದರಿಂದಲೇ ಡ್ರೋನು ಹಾರುವ ಮುನ್ನ ಊರವರೆದುರಿಗೆ ಸುಣ್ಣದ ಪುಡಿಯಿಂದ ಗಡಿ ಗುರುತಿಸುವ ಕ್ರಮವಿದೆ. ಆ ಸುಣ್ಣದ ಗೆರೆಯೆಳೆಯುವ ದಿನ ನಡೆಯುವ ಮಾತುಕತೆ, ತಕರಾರು, ಒಪ್ಪಂದಗಳಲ್ಲಿ ಹಳೆಯ ಚೆಕ್ಕುಬಂದಿಯೆಲ್ಲ ಇನ್ನೊಮ್ಮೆ ಬಾಯಿಗೆ ಬರುತ್ತದೆ. ಆಸ್ತಿಪತ್ರದಲ್ಲಿ ಉಳಿಯುವುದು ಗೆರೆ ಮಾತ್ರ. ಅಂಥ ದಿನ ನಮ್ಮ ವಿದ್ಯಾರ್ಥಿಗಳು ಲೇಖನಿ ಹಿಡಿದು ಅಲ್ಲಿರುವುದು ಒಳ್ಳೆಯದು. ಗಣಕಯಂತ್ರಕ್ಕೆ ಹೆಸರುಗಳು ಏರಿದ ಬಳಿಕ ಪಂಚಾಯಿತಿಯ ಹಳೆಯ ಮನೆಗಂದಾಯದ ರಿಜಿಸ್ಟರುಗಳಿಗೆ ದಿಕ್ಕಿಲ್ಲದಂತಾಗುತ್ತದೆ. ಹುಳು ಹಿಡಿಯುವ ಮುನ್ನ ಅವುಗಳ ಪ್ರತಿಯನ್ನಾದರೂ ವಿಭಾಗದ ಗ್ರಂಥಾಲಯಕ್ಕೆ ತರಿಸಿಕೊಳ್ಳಬೇಕು. ಮನೆಯ ಸಂಖ್ಯೆ, ಒಡೆಯನ ಹೆಸರು, ಹೆಂಚೋ ಹುಲ್ಲೋ ಎಂಬ ವಿವರ, ಕಟ್ಟಿದ ಕಂದಾಯ, ಉಳಿಸಿಕೊಂಡ ಬಾಕಿ ಇಷ್ಟನ್ನೂ ವರ್ಷವರ್ಷಕ್ಕೆ ಬರೆದಿಟ್ಟ ಪುಸ್ತಕ ಬೇರೆ ಇಲ್ಲ.